ಶೋಲಾ ಕಾಡಿನ ನೀಲಿಹಕ್ಕಿ

ಗುಂಡ್ಲುಪೇಟೆಯ ಸೀಮೆಯಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದು, ವಿಶ್ರಾಂತಿಯ ದಿನಗಳನ್ನು ಉದಕಮಂಡಲದಲ್ಲಿರುವ ಮಗನ ಮನೆಯಲ್ಲಿ ಕಳೆಯುತ್ತಿರುವ ಹಿರಿಯರೊಬ್ಬರಿಗೂ, ಅವರ ಬಳಿಯಲ್ಲಿಯೇ ಅಕ್ಷರ ಕಲಿತು ಈಗ ಪಕ್ಷಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ತರುಣಿಯೊಬ್ಬಳಿಗೂ, ದೊಡ್ಡಬೆಟ್ಟದ ಕೆಳಗಿನ ಒಂದು ಶೋಲಾ ಕಾಡಿನ ಸೆರಗಿನಲ್ಲಿ ನಡೆದ ಸಂಭಾಷಣೆ ಇದು. ನೀಲಗಿರಿಯ ಶೋಲಕಿಲಿಯೆಂಬ ಪುಟ್ಟ ಗಾಯಕಪಕ್ಷಿ ಇಬ್ಬರಿಗೂ ಪ್ರಿಯವಾದುದು. ಆದರೆ ಒಂದು ಹಕ್ಕಿಯನ್ನು ಅರಿಯುವುದೆಂದರೇನು ಎಂಬ ವಿಷಯದಲ್ಲಿ ಇಬ್ಬರ ಮನಸ್ಸೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಹಿರಿಯರು: ಬೆಳಗಿನಿಂದ ನಿನ್ನ ಕಣ್ಣು ಪೊದೆಯಿಂದ ಪುಸ್ತಕಕ್ಕೂ ಪುಸ್ತಕದಿಂದ ಪೊದೆಗೂ ಓಡಾಡುತ್ತಿರುವುದನ್ನು ನೋಡುತ್ತಲೇ ಇದ್ದೇನೆ, ತಾಯಿ. ಆ ಹಕ್ಕಿ ಪುಸ್ತಕದಲ್ಲಿರುವಂತೆ ನಿನ್ನೆದುರಿಗೆ ಬಂದು ಪಕ್ಕವಾಗಿ ನಿಂತುಕೊಳ್ಳುವುದೆಂದು ಕಾಯುತ್ತಿರುವೆಯೇನು?

ಕಿರಿಯಳು: ನಿಲ್ಲುವುದಿಲ್ಲವೆಂದು ಬಲ್ಲೆ, ಮೇಷ್ಟ್ರೇ. ಆದರೂ ಗುರುತಿನ ಅಂಶಗಳನ್ನು ಒಂದೊಂದಾಗಿ ತಾಳೆ ನೋಡದೆ ಇದು ಇಂಥದೇ ಹಕ್ಕಿಯೆಂದು ಬರೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 15 ಸೆಂಟಿಮೀಟರಿನ ದೇಹ. ಬೆನ್ನು, ಕೊರಳು, ಎದೆಗಳೆಲ್ಲ ಮೋಡ ಕವಿದಂಥ ಮಬ್ಬು ನೀಲಿ. ಕೊಕ್ಕಿಗೂ ಕಣ್ಣಿಗೂ ನಡುವೆ ಕಪ್ಪು. ಪಕ್ಕೆಗಳಲ್ಲಿ ಕಾವಿಯ ಕೆಂಪು. ಹೊಟ್ಟೆಯ ನಡುಭಾಗ ಬಿಳುಪು. ಮೈಗೆ ಮೀರಿದ ಉದ್ದನೆಯ ಕಾಲುಗಳು, ಗಿಡ್ಡವಾದ ದುಂಡನೆಯ ರೆಕ್ಕೆಗಳು. ಇಷ್ಟನ್ನೂ ಕಂಡರೆ ಮಾತ್ರ ನಿಶ್ಚಯ.

ಹಿರಿಯರು: ಇಷ್ಟನ್ನೂ ಒಂದೇ ಸಲ ಕಾಣುವ ಭಾಗ್ಯ ನನಗೆ ಅಪರೂಪಕ್ಕೊಮ್ಮೆ ಒದಗಿದೆ. ಈ ಕಾಡಿನ ತಳದಲ್ಲಿ ಮಧ್ಯಾಹ್ನವೂ ಮಂದವಾದ ಬೆಳಕೇ. ಅಲ್ಲಿ ನೀಲಿ ಕಪ್ಪಾಗಿ ಕಾಣುತ್ತದೆ, ಕೆಂಪು ಒಣಗಿದೆಲೆಯ ಬಣ್ಣದಲ್ಲಿ ಕರಗಿಹೋಗುತ್ತದೆ. ಆದರೂ ನನಗೆ ಸಂದೇಹ ಬರುವುದಿಲ್ಲ. ಮುಸ್ಸಂಜೆಯಲ್ಲಿ ಬೀದಿಯ ಆ ತುದಿಯಿಂದ ಬರುತ್ತಿರುವ ಪರಿಚಿತನನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುವುದಿಲ್ಲವೆ, ಹಾಗೆ. ನೆಲದ ತರಗೆಲೆಯ ಮೇಲೆ ನಾಲ್ಕು ಹೆಜ್ಜೆ ಕುಪ್ಪಳಿಸಿ, ನಿಂತು, ಕಿವಿಗೊಟ್ಟು, ಜರಿಗಿಡದ ಮರೆಗೆ ಸರಿದು, ಮೊಳಕಾಲೆತ್ತರದ ಕಡ್ಡಿಯೊಂದನ್ನೇರಿ ಮತ್ತೆ ಇಳಿಯುವ ಆ ರೀತಿ ಈ ಕಾಡಿನಲ್ಲಿ ಬೇರಾವ ಹಕ್ಕಿಗೂ ಇಲ್ಲ.

ಕಿರಿಯಳು: ಕ್ಷಮಿಸಬೇಕು, ಇದೆ. ಚಳಿಗಾಲದಲ್ಲಿ ಹಿಮಾಲಯದಿಂದ ಇಳಿದು ಬರುವ ನೀಲಿ ರಾಬಿನ್ ಇದೇ ನೆಲದಲ್ಲಿ, ಇದೇ ಪೊದೆಯ ಕೆಳಗೆ ಓಡಾಡುತ್ತದೆ. ಅದಕ್ಕೂ ನೀಲಿ ಬೆನ್ನು, ಉದ್ದನೆಯ ಕಾಲು. ಆದರೆ ಅದರ ಗಂಡಿಗೆ ಕೊರಳಿನಿಂದಲೇ ಕಿತ್ತಳೆಗೆಂಪು ಆರಂಭವಾಗುತ್ತದೆ, ಕಣ್ಣಿನ ಮೇಲೆ ಬಿಳಿಯ ಹುಬ್ಬು ಸ್ಪಷ್ಟವಾಗಿರುತ್ತದೆ. ಇನ್ನು ಸ್ವಲ್ಪ ತಗ್ಗಿನ ಮಳೆಕಾಡುಗಳಿಗೆ ಹೋದರೆ ಬಿಳಿಹೊಟ್ಟೆಯ ನೀಲಿ ನೊಣಹಿಡುಕವುಂಟು; ಎದೆಯವರೆಗೆ ನೀಲಿ, ಕೆಳಗೆ ಬಿಳುಪು. ಅದು ನೆಲಕ್ಕಿಂತ ಹೆಚ್ಚಾಗಿ ಕೆಳಗಣ ಕೊಂಬೆಗಳ ಮೇಲೆ ನೆಟ್ಟಗೆ ಕುಳಿತಿರುತ್ತದೆ. ನಮ್ಮ ನೆತ್ತಿಯ ಮೇಲಿನ ಕೊಂಬೆಗಳಲ್ಲಿಯೇ ಮೈಯೆಲ್ಲ ಇಂದ್ರನೀಲದಂತಿರುವ ನೀಲಗಿರಿ ನೊಣಹಿಡುಕವಿದೆ. ಎಲ್ಲವನ್ನೂ ಸೇರಿಸಿ ನೀಲಿಹಕ್ಕಿ ಎಂದುಬಿಟ್ಟರೆ, ಹಿಮಾಲಯದಿಂದ ಬಂದು ಬೇಸಗೆಗೆ ಹಿಂದಿರುಗುವ ಅತಿಥಿಗೂ, ಈ ಘಟ್ಟವನ್ನು ಬಿಟ್ಟರೆ ಬೇರೆ ನೆಲೆಯೇ ಇಲ್ಲದ ಒಕ್ಕಲಿಗೂ ಇರುವ ಅಂತರ ಅಳಿಸಿಹೋಗುವುದಿಲ್ಲವೆ?

ಹಿರಿಯರು: ಅಷ್ಟು ವಿವೇಚನೆ ಬೇಕೆಂಬುದನ್ನು ನಾನು ಅಲ್ಲಗಳೆಯಲಿಲ್ಲ. ಕಾರ್ತಿಕದಲ್ಲಿ ಬರುವುದು ಯಾವುದು, ವರ್ಷವಿಡೀ ಇಲ್ಲಿಯೇ ಇರುವುದು ಯಾವುದು ಎಂಬುದು ಇಲ್ಲಿ ಕುಳಿತವನಿಗೆ ತಾನಾಗಿಯೇ ತಿಳಿಯುತ್ತದೆ. ನನ್ನ ಆಕ್ಷೇಪ ಅದರ ಮುಂದಿನ ಹೆಜ್ಜೆಗೆ. ಗುರುತಿಸಿದ ಮೇಲೆ ನಿಮ್ಮ ಶಾಸ್ತ್ರ ಸುಮ್ಮನಿರುವುದಿಲ್ಲ. ಈ ಹಕ್ಕಿಯನ್ನು ಎಷ್ಟು ಮನೆಗಳಿಂದ ಎಬ್ಬಿಸಿ ಎಷ್ಟು ಮನೆಗಳಲ್ಲಿ ಕೂಡಿಸಿದ್ದೀರಿ, ಹೇಳು ನೋಡೋಣ.

ಕಿರಿಯಳು: ಅದೊಂದು ದೀರ್ಘವಾದ ಚರಿತ್ರೆಯೇ ಸರಿ. ಮದರಾಸಿನ ಸೇನಾವೈದ್ಯನಾಗಿದ್ದ ಜೆರ್ಡನ್ 1840ರ ದಶಕದಲ್ಲಿ ನೀಲಗಿರಿಯ ಈ ಹಕ್ಕಿಯನ್ನು ಮೊದಲು ಶಾಸ್ತ್ರಕ್ಕೆ ಪರಿಚಯಿಸಿದ. ಪಾಲಕ್ಕಾಡಿನ ಕಣಿವೆಯಿಂದ ದಕ್ಷಿಣಕ್ಕಿರುವ ಪಳನಿ ಬೆಟ್ಟದ ಹಕ್ಕಿಯನ್ನು ಬ್ಲಾನ್‌ಫರ್ಡ್ 1860ರ ದಶಕದಲ್ಲಿ ಬೇರೆಯದೆಂದು ವರ್ಣಿಸಿದ. ಅನಂತರ ಸಲೀಂ ಅಲಿಯವರೂ ರಿಪ್ಲಿಯವರೂ ರಚಿಸಿದ ಮಹಾಗ್ರಂಥದಲ್ಲಿ ಇವೆರಡೂ ಒಂದೇ ಪ್ರಭೇದದ ಎರಡು ಉಪಭೇದಗಳಾಗಿ, ಗಿಡ್ಡರೆಕ್ಕೆಯ ಹಕ್ಕಿಗಳ ಬಳಗದಲ್ಲಿ ನಿಂತವು. 2005ರಲ್ಲಿ ರಾಸ್‌ಮುಸೆನ್ ಮತ್ತು ಆಂಡರ್ಟನ್ ಅವುಗಳನ್ನು ಮತ್ತೆ ಬಿಡಿಸಿ, ಇನ್ನೊಂದು ಕುಲಕ್ಕೆ ಒಯ್ದರು. 2017ರಲ್ಲಿ ವಿ. ವಿ. ರಾಬಿನ್ ಮತ್ತು ಅವರ ಸಹೋದ್ಯೋಗಿಗಳು, ಅನುವಂಶಧಾತುವನ್ನೂ ದೇಹದ ಅಳತೆಯನ್ನೂ ಹಾಡನ್ನೂ ಒಟ್ಟಿಗೆ ಪರೀಕ್ಷಿಸಿ, ಇವು ಹಿಂದೆ ಹೇಳಿದ ಯಾವ ಕುಲಕ್ಕೂ ಸೇರಿದವಲ್ಲ, ನೊಣಹಿಡುಕಗಳಿಗೆ ಸಮೀಪವಾದ, ಪಶ್ಚಿಮಘಟ್ಟಕ್ಕೇ ಮೀಸಲಾದ ಪ್ರತ್ಯೇಕ ಕುಲವೆಂದು ತೋರಿಸಿ, ಶೋಲಿಕೋಲ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಶೆಂಕೋಟೆಯ ಕಣಿವೆಯ ದಕ್ಷಿಣದ ಹಕ್ಕಿಯನ್ನು ಅದೇ ಸಂದರ್ಭದಲ್ಲಿ ಮೂರನೆಯ ಪ್ರಭೇದವೆಂದು ವರ್ಣಿಸಿದರು.

ಹಿರಿಯರು: ನೋಡಿದೆಯಾ? ಒಂದು, ಎರಡು, ಮತ್ತೆ ಒಂದು, ಮತ್ತೆ ಎರಡು, ಈಗ ಮೂರು. ಇಷ್ಟೆಲ್ಲ ಸ್ಥಾನಪಲ್ಲಟವಾಗುತ್ತಿರುವಾಗ ಪೊದೆಯ ಕೆಳಗಿನ ಹಕ್ಕಿಯ ಒಂದು ಗರಿಯಾದರೂ ಬದಲಾಯಿತೆ? ಅದು ಏಪ್ರಿಲಿನ ಹೊತ್ತಿಗೆ ಗೂಡಿಗೆ ಪಾಚಿಯನ್ನು ಕೊಕ್ಕಿನಲ್ಲಿ ಹೊತ್ತು ಓಡಾಡುತ್ತಿತ್ತು, ಈಗಲೂ ಓಡಾಡುತ್ತಿದೆ. ಮರದ ಪೊಟರೆಯಲ್ಲಿಯೋ ದರೆಯ ಬಿಲದಲ್ಲಿಯೋ ಎರಡು ಮೊಟ್ಟೆಯಿಟ್ಟು, ದೊಡ್ಡ ಮಳೆ ಹಿಡಿಯುವುದರೊಳಗೆ ಮರಿಗಳನ್ನು ಹೊರಗೆ ಹೊರಡಿಸಬೇಕೆಂಬ ಅದರ ತವಕಕ್ಕೂ ನಿಮ್ಮ ಕುಲನಿರ್ಣಯಕ್ಕೂ ಏನು ಸಂಬಂಧ?

ಕಿರಿಯಳು: ಹಕ್ಕಿ ಬದಲಾಗಲಿಲ್ಲ, ಮೇಷ್ಟ್ರೇ, ಹಕ್ಕಿಯ ವಿಷಯದಲ್ಲಿ ನಮ್ಮ ಹೊಣೆ ಬದಲಾಯಿತು. ಪಾಲಕ್ಕಾಡಿನ ಕಣಿವೆ ಸುಮಾರು 30ರಿಂದ 40 ಕಿಲೋಮೀಟರು ಅಗಲ. ತಗ್ಗಾದ, ಬಿಸಿಯಾದ, ಬಯಲಾದ ನೆಲ. ಸಾವಿರ ಮೀಟರಿಗಿಂತ ಮೇಲಿನ ತಂಪುಗಾಡನ್ನು ಬಿಟ್ಟು ಕೆಳಗಿಳಿಯದ, ಬಯಲನ್ನು ಕಂಡರೆ ಹಿಂಜರಿಯುವ ಈ ಗಿಡ್ಡರೆಕ್ಕೆಯ ಜೀವಿಗೆ ಅದು ಸಮುದ್ರಕ್ಕೆ ಸಮಾನ. ಆ ಕಣಿವೆಯ ಉತ್ತರದ ಹಕ್ಕಿಗೂ ದಕ್ಷಿಣದ ಹಕ್ಕಿಗೂ ಸಂಬಂಧ ಕಡಿದುಹೋದದ್ದು ನಿನ್ನೆ ಮೊನ್ನೆಯಲ್ಲ, ಲಕ್ಷಾಂತರ ವರ್ಷಗಳ ಹಿಂದೆ. ಎರಡೂ ಒಂದೇ ಎಂದು ತಿಳಿದಿದ್ದಾಗ, ನೀಲಗಿರಿಯಲ್ಲಿ ಕಾಡು ಹೋದರೂ ಆನೆಮಲೆಯಲ್ಲಿ ಉಂಟಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಾಗಿತ್ತು. ಬೇರೆ ಬೇರೆ ಎಂದು ತಿಳಿದ ಮೇಲೆ ಆ ಸಮಾಧಾನಕ್ಕೆ ಎಡೆಯಿಲ್ಲ. ಇಲ್ಲಿ ನಷ್ಟವಾದದ್ದನ್ನು ಅಲ್ಲಿಂದ ತುಂಬಿಕೊಡಲಾಗುವುದಿಲ್ಲ. ನೀಲಗಿರಿಯ ಹಕ್ಕಿಯನ್ನು ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನ ಅಪಾಯಕ್ಕೆ ಸಿಲುಕಿದ ಪ್ರಭೇದವೆಂದು ಎಣಿಸಿರುವುದು ಅದನ್ನು ಪ್ರತ್ಯೇಕವಾಗಿ ತೂಗಿ ನೋಡಿದ್ದರಿಂದಲೇ ಅಲ್ಲವೆ?

ಹಿರಿಯರು: ಮಾತು ಗಟ್ಟಿಯಾಗಿದೆ. ಆದರೆ ಅದರೊಳಗೆ ಅಡಗಿರುವ ಇನ್ನೊಂದು ಮಾತು ನನ್ನನ್ನು ಕಳವಳಗೊಳಿಸುತ್ತದೆ. ಬೇರೆಲ್ಲಿಯೂ ಇಲ್ಲದ್ದರಿಂದ ಇದಕ್ಕೆ ಬೆಲೆಯೆನ್ನುವುದಾದರೆ, ಎಲ್ಲೆಲ್ಲಿಯೂ ಇರುವುದಕ್ಕೆ ಬೆಲೆಯಿಲ್ಲವೆಂದಾಗಲಿಲ್ಲವೆ? ನಮ್ಮ ಬೇಲಿಯ ಪಿಕಳಾರ, ಹಿತ್ತಿಲಿನ ಮಡಿವಾಳ ಹಕ್ಕಿ, ಇವು ಯಾರ ಪಟ್ಟಿಯಲ್ಲಿಯೂ ಕೆಂಪಕ್ಷರದಲ್ಲಿಲ್ಲ. ಅವುಗಳ ಬೇಲಿಯನ್ನು ಕಡಿಯುವವನನ್ನು ಯಾರು ತಡೆಯುತ್ತಾರೆ? ಅಪೂರ್ವತೆಯಿಂದ ಹುಟ್ಟಿದ ಪ್ರೀತಿ, ನಾಳೆ ನಿಮ್ಮ ಶಾಸ್ತ್ರವೇ ಇವೆರಡನ್ನೂ ಮತ್ತೆ ಒಂದೆಂದು ತೀರ್ಪಿತ್ತರೆ ಅರ್ಧಕ್ಕೆ ಇಳಿಯುತ್ತದೆಯೆ?

ಕಿರಿಯಳು: ಪ್ರೀತಿ ಇಳಿಯಬೇಕಾಗಿಲ್ಲ; ಆದರೆ ಹಣ, ಕಾಲ, ಆಳು ಇವೆಲ್ಲ ಪರಿಮಿತವಾಗಿರುವಾಗ ಯಾವ ಕಾಡನ್ನು ಮೊದಲು ಕಾಯಬೇಕೆಂದು ಯಾರಾದರೂ ನಿರ್ಣಯಿಸಲೇಬೇಕಲ್ಲ. ಆ ನಿರ್ಣಯವನ್ನು ಅಭಿಮಾನಕ್ಕೆ ಬಿಟ್ಟರೆ, ರಸ್ತೆಯ ಬದಿಯ ಸುಂದರವಾದ ಕಾಡು ಉಳಿಯುತ್ತದೆ, ಯಾರೂ ಹೋಗದ ಬೆಟ್ಟದ ಕಾಡು ಹೋಗುತ್ತದೆ.

ಹಿರಿಯರು: ಒಪ್ಪಿದೆ. ಈಗ ಇನ್ನೊಂದನ್ನು ಕೇಳುತ್ತೇನೆ. ಆ ಅನುವಂಶಧಾತುವನ್ನು ಪಡೆಯುವುದಕ್ಕೆ ಹಕ್ಕಿಯನ್ನು ಬಲೆಯಲ್ಲಿ ಹಿಡಿಯಬೇಕು, ರಕ್ತ ತೆಗೆಯಬೇಕು. ಇಷ್ಟು ಸಂಕೋಚದ ಜೀವಿ ಮನುಷ್ಯನ ಮುಷ್ಟಿಯೊಳಗೆ ಎದೆ ಬಡಿದುಕೊಳ್ಳುತ್ತಿರುವುದನ್ನು ನೀನು ಕಂಡಿದ್ದೀಯೆ. ಅದನ್ನು ಅರಿವೆನ್ನುವೆಯಾ?

ಕಿರಿಯಳು: ಕಂಡಿದ್ದೇನೆ, ಅದನ್ನು ಹಗುರವಾಗಿ ಎಣಿಸುವವರು ಆ ಕೆಲಸಕ್ಕೆ ಕೈಹಾಕಬಾರದೆಂದೇ ನನ್ನ ಮತ. ನವಿರಾದ ಬಲೆಯಿಂದ ಬಿಡಿಸಿ, ತೂಗಿ, ಒಂದು ತೊಟ್ಟು ರಕ್ತ ತೆಗೆದು, ಕಾಲಿಗೆ ಬಣ್ಣದ ಬಳೆ ತೊಡಿಸಿ, ಹಿಡಿದ ಜಾಗದಲ್ಲಿಯೇ ಬೇಗನೆ ಬಿಡುತ್ತಾರೆ. ಆ ಬಳೆಯಿಲ್ಲದಿದ್ದರೆ, ಈ ವರ್ಷ ಈ ಹಳ್ಳದ ಬದಿಯಲ್ಲಿ ಹಾಡುತ್ತಿರುವವನು ಕಳೆದ ವರ್ಷ ಹಾಡಿದವನೇ ಎಂದು ಯಾರು ಹೇಳಬಲ್ಲರು? ಗಂಡುಗಳು ತಮ್ಮ ತಮ್ಮ ಸೀಮೆಯನ್ನು ಹಿಡಿದು ಅಲ್ಲಿಯೇ ನೆಲೆನಿಲ್ಲುವುವೆಂಬುದು, ಹೀಗೆ ಗುರುತು ಮಾಡಿದ ಹಕ್ಕಿಗಳನ್ನು ವರ್ಷಗಳ ಮೇಲೆ ಅಲ್ಲಲ್ಲಿಯೇ ಮತ್ತೆ ಕಂಡದ್ದರಿಂದ ದೃಢವಾಯಿತು. ತಾವು ಬಹುಕಾಲದಿಂದ ನೋಡುತ್ತಿರುವ ಹಕ್ಕಿ ಒಂದೇ ಹಕ್ಕಿಯೋ, ಒಂದರ ಜಾಗಕ್ಕೆ ಬಂದ ಇನ್ನೊಂದೋ?

ಹಿರಿಯರು: ಅದನ್ನು ನಾನು ಆಣೆಯಿಟ್ಟು ಹೇಳಲಾರೆ, ನಿಜ. ಆದರೆ ಬಳೆ ತೊಡಿಸಿದ ನಿಮಗೂ ತಿಳಿಯದ ಒಂದು ಸಂಗತಿಯನ್ನು ಕಾಲ ತೋರಿಸಿದೆ. ಪುಸ್ತಕಗಳು ಇದನ್ನು ನಿಬಿಡವಾದ ಶೋಲಾದ ಹಕ್ಕಿಯೆನ್ನುತ್ತವೆ. ನಾನು ಮಗನ ಮನೆಯ ಹಿಂದಿನ ವಾಟಲ್ ಮರಗಳ ಕೆಳಗೆ, ಕುರಿಂಜಿಯೂ ಜರಿಗಿಡಗಳೂ ದಟ್ಟವಾಗಿ ಬೆಳೆದುಕೊಂಡಿರುವ ಕಡೆ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಮೇಲಿನ ಮರ ಪರದೇಶದ್ದಾದರೂ, ಕೆಳಗಿನ ನೆರಳೂ ತೇವವೂ ತರಗೆಲೆಯೂ ತನಗೆ ಹಿತವಾದರೆ ಅದು ಬರುತ್ತದೆ. ನಕ್ಷೆಯಲ್ಲಿ ಈ ತುಂಡಿಗೆ ನೆಡುತೋಪಿನ ಬಣ್ಣ ಬಳಿದಿದ್ದಾರೆ. ಹಕ್ಕಿ ನಕ್ಷೆಯನ್ನು ಓದಿಲ್ಲ.

ಕಿರಿಯಳು: ಅದು ಬೆಲೆಯುಳ್ಳ ಅನುಭವ, ಮೇಷ್ಟ್ರೇ, ಬರೆದಿಡಬೇಕು. ಆದರೆ ಒಂದು ಹಕ್ಕಿ ಬಂದು ಹುಳ ಹೆಕ್ಕಿದಲ್ಲೆಲ್ಲ ಅದರ ಸಂತತಿ ಬಾಳುವುದೆಂದು ಹೇಳಬರುವುದಿಲ್ಲ. ಅಲ್ಲಿ ಗೂಡು ಕಟ್ಟಿತೆ, ಮರಿ ಉಳಿಯಿತೆ, ಆ ಮರಿ ಮುಂದಿನ ಶೋಲಾವನ್ನು ಮುಟ್ಟಿತೆ? ನಮ್ಮ ಕಣ್ಣಿಗೆ ಕಾಡಿನಿಂದ ಕಾಡಿಗೆ ಇರುವ ಅಂತರ ಒಂದು ಚಹಾ ತೋಟದಷ್ಟೇ. ಆದರೆ ದಕ್ಷಿಣದ ಬೆಟ್ಟಗಳಲ್ಲಿ, ಒಂದು ಶತಮಾನದಿಂದೀಚೆಗೆ ತೋಟಗಳೂ ನೆಡುತೋಪುಗಳೂ ಕಾಡನ್ನು ತುಂಡರಿಸಿದ್ದರ ಪರಿಣಾಮ ಈ ಹಕ್ಕಿಗಳ ಅನುವಂಶದಲ್ಲಿಯೇ ಅಚ್ಚೊತ್ತಿರುವುದನ್ನು ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಪ್ರಕೃತಿ ನಿರ್ಮಿಸಿದ ದ್ವೀಪಗಳೊಳಗೆ ಮನುಷ್ಯ ಮತ್ತೆ ಪುಟ್ಟ ದ್ವೀಪಗಳನ್ನು ನಿರ್ಮಿಸಿದ್ದಾನೆ. ಇದು ಬರಿಗಣ್ಣಿಗೆ ಕಾಣುವುದಲ್ಲ.

ಹಿರಿಯರು: ಬರಿಗಣ್ಣಿಗೆ ಕಾಣದಿರಬಹುದು, ಬರಿಗಿವಿಗೆ ಕೇಳುತ್ತದೆಯೋ ಏನೋ. ನನ್ನ ಮಗ ಕೊಡೈಕೆನಾಲಿಗೆ ಕರೆದೊಯ್ದಿದ್ದಾಗ ಅಲ್ಲಿನ ಶೋಲಾದಲ್ಲಿ ಈ ಹಕ್ಕಿಯ ದಾಯಾದಿಯ ಹಾಡನ್ನು ಕೇಳಿದೆ. ಅದೇ ತೀಕ್ಷ್ಣವಾದ ಸಿಳ್ಳು, ನಡುನಡುವೆ ಅದೇ ಬಗೆಯ ಝೇಂಕಾರ. ಆದರೂ ಜೋಡಣೆಯಲ್ಲಿ ಏನೋ ಬೇರೆ. ಅದು ಬೇರೆ ಪ್ರಭೇದವೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಕಿರಿಯಳು: ತಾವು ಕೇಳಿದ್ದು ಸರಿ. ಕಣಿವೆಗಳು ಬೇರ್ಪಡಿಸಿದ ಹಕ್ಕಿಗಳ ಹಾಡು ಬೇರೆಯಾಗಿರುವುದನ್ನು ಧ್ವನಿಮುದ್ರಣಗಳ ಹೋಲಿಕೆಯಿಂದಲೂ ತೋರಿಸಿದ್ದಾರೆ. ಆದರೆ ಹಾಡನ್ನೇ ಪ್ರಮಾಣವಾಗಿ ಹಿಡಿದರೆ ಮೋಸಹೋಗುವ ಸಂಭವವೂ ಉಂಟು. ಗಾಯಕಪಕ್ಷಿಗಳ ಮರಿ ಹಾಡನ್ನು ಹುಟ್ಟಿನಿಂದಲೇ ಪೂರ್ತಿಯಾಗಿ ತರುವುದಿಲ್ಲ. ಸುತ್ತಣ ಹಿರಿಯ ಹಕ್ಕಿಗಳನ್ನು ಕೇಳಿ ಕಲಿಯುತ್ತದೆ. ಕಲಿತದ್ದು ಬೇಗ ಬದಲಾಗಬಹುದು. ಕಾಡು ಇತ್ತೀಚೆಗೆ ತುಂಡಾದ ಕಡೆಗಳಲ್ಲಿಯೂ ಹಾಡಿನಲ್ಲಿ ವ್ಯತ್ಯಾಸ ಕಂಡುಬಂದಿದೆ. ಹೀಗಿರುವಾಗ ನಮಗೆ ಕೇಳಿದ ಭೇದ ಲಕ್ಷಾಂತರ ವರ್ಷಗಳದ್ದೋ, ನಮ್ಮ ಅಜ್ಜಂದಿರ ಕಾಲದ ಕೊಡಲಿಯದ್ದೋ ಎಂದು ಕಿವಿಯೊಂದೇ ತೀರ್ಮಾನಿಸಲಾರದು.

ಹಿರಿಯರು: ಹಾಗಾದರೆ ನಿನ್ನ ಮಾತಿನಿಂದಲೇ ಒಂದು ಸಿದ್ಧಾಂತ ಹೊರಡುತ್ತದೆ, ತಾಯಿ. ಬೆಟ್ಟಬೆಟ್ಟಕ್ಕೂ ಮರಿಗಳು ಹಿರಿಯರಿಂದ ಕಲಿಯುವ ಹಾಡುಂಟು. ಒಂದು ಶೋಲಾದಲ್ಲಿ ಹಾಡುವವರು ಹತ್ತಾರು ಮಂದಿಯಿಂದ ಇಬ್ಬರು ಮೂವರಿಗೆ ಇಳಿದರೆ, ಪ್ರಭೇದ ಉಳಿದಿದ್ದರೂ ಅಲ್ಲಿಯ ಹಾಡು ಬಡವಾಗುತ್ತದೆ. ನಿನ್ನ ಪಟ್ಟಿಯಲ್ಲಿ ಪ್ರಭೇದಕ್ಕೆ ಒಂದು ಸಾಲಿದೆ; ಈ ಹಳ್ಳದ ಹಾಡಿಗೆ ಸಾಲಿದೆಯೆ? ರಕ್ತದ ತೊಟ್ಟಿನಲ್ಲಿ ಅದು ಸಿಕ್ಕುತ್ತದೆಯೆ? ಒಂದೇ ಕಡೆ ಬಹುಕಾಲ ಕುಳಿತು ಕೇಳಿದವರಲ್ಲದೆ ಅದರ ನಷ್ಟವನ್ನು ಬೇರೆ ಯಾರು ಗಮನಿಸಿಯಾರು?

ಕಿರಿಯಳು: ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಧ್ವನಿಮುದ್ರಣ ಮಾಡಿಡಬಹುದು, ಈಚೆಗೆ ಮಾಡುತ್ತಲೂ ಇದ್ದಾರೆ. ಆದರೆ ಯಾವುದು ಇಲ್ಲವಾಯಿತೆಂದು ತಿಳಿಯಲು ಹಿಂದೆ ಏನಿತ್ತೆಂದು ಬಲ್ಲವರು ಬೇಕು. ಹಾಗೆಂದು ಧ್ವನಿಯನ್ನು ಬಳಸುವುದೆಲ್ಲ ಸಾಧುವೆಂದೂ ನಾನು ಹೇಳಲಾರೆ. ಮುದ್ರಿಸಿದ ಹಾಡನ್ನು ಅದರ ಸೀಮೆಯಲ್ಲಿ ಮತ್ತೆ ಮತ್ತೆ ನುಡಿಸಿ, ಪ್ರತಿಸ್ಪರ್ಧಿ ಬಂದನೆಂಬ ಭ್ರಮೆಯಿಂದ ಅದನ್ನು ಹೊರಗೆಳೆದು ಚಿತ್ರ ತೆಗೆಯುವ ಅಭ್ಯಾಸ ಹಬ್ಬಿದೆ. ಗೂಡಿನ ಕಾಲದಲ್ಲಿ ಅದು ಅಪರಾಧಕ್ಕೆ ಸಮಾನ.

ಹಿರಿಯರು: ಅದರಲ್ಲಿ ನಾವಿಬ್ಬರೂ ಒಂದೇ. ಇನ್ನೊಂದು ಜಗಳಕ್ಕೆ ಬರೋಣ. ಮನೆಯ ಹಿಂದಿನ ಆ ವಾಟಲ್ ತೋಪನ್ನು ಕಡಿದು ಹಾಕಬೇಕೆಂಬ ಮಾತು ನಡೆಯುತ್ತಿದೆ. ಪರದೇಶದ ಗಿಡ, ಹುಲ್ಲುಗಾವಲನ್ನು ನುಂಗುತ್ತದೆ ಎಂಬುದು ಕಾರಣ. ನನ್ನ ಹಕ್ಕಿ ಅದರ ನೆರಳಿನಲ್ಲಿದೆ. ಅದೂ ಅಲ್ಲದೆ, ಆ ನೆರಳಿನಲ್ಲಿ ಶೋಲಾದ ಸಸಿಗಳೇ ತಲೆಯೆತ್ತುತ್ತಿರುವುದನ್ನು ನೋಡುತ್ತಿದ್ದೇನೆ. ಕಾದರೆ ಪರದೇಶದ ಮರದ ಕೆಳಗಿನಿಂದ ಸ್ವದೇಶದ ಕಾಡು ಮೇಲೇಳುತ್ತದೆ.

ಕಿರಿಯಳು: ಶೋಲಾಕ್ಕೆ ಹೊಂದಿಕೊಂಡಿರುವಲ್ಲಿ ತಮ್ಮ ಮಾತು ನಿಜವಾಗಬಹುದು. ಆದರೆ ಕಾಯುತ್ತ ಕುಳಿತರೆ ವಾಟಲಿನ ಬೀಜವೇನು ಕಾಯುತ್ತದೆಯೆ? ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ನೀಲಗಿರಿ ಪಿಪಿಟ್ ಎಂಬ ಹಕ್ಕಿಯಿದೆ. ಅದೂ ಈ ಘಟ್ಟವನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲದ್ದು, ಅದಕ್ಕೆ ಮರವೇ ಆಗದು. ಶೋಲಕಿಲಿಗೆ ನೆರಳು ಕೊಡುವ ಮರ ಪಿಪಿಟ್ಟಿನ ನೆಲೆಯನ್ನು ಕಸಿಯುತ್ತದೆ. ತಾವು ಕುಳಿತ ಜಾಗದಿಂದ ಒಂದು ಹಕ್ಕಿ ಕಾಣುತ್ತದೆ. ಬೆಟ್ಟವನ್ನೆಲ್ಲ ಒಟ್ಟಿಗೆ ನೋಡಿದರೆ ಎರಡೂ ಕಾಣುತ್ತವೆ.

ಹಿರಿಯರು: ಬೆಟ್ಟವನ್ನೆಲ್ಲ ಒಟ್ಟಿಗೆ ನೋಡಿದವರೇ ಹಿಂದೆ ಈ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದು, ಸೌದೆಗೂ ಚರ್ಮ ಹದಮಾಡುವ ತೊಗಟೆಗೂ ಈ ಮರಗಳನ್ನು ನೆಟ್ಟರು. ಆಗಲೂ ಅವರ ಕೈಯಲ್ಲಿ ನಕ್ಷೆಯೇ ಇತ್ತು. ಇಲ್ಲಿ ಒಂದು ಮುಂಜಾನೆ ಸುಮ್ಮನೆ ಕುಳಿತಿದ್ದರೆ ಹುಲ್ಲು ಪಾಳಲ್ಲವೆಂದು ಆ ಪಿಪಿಟ್ಟೇ ಅವರಿಗೆ ಹೇಳುತ್ತಿತ್ತು.

ಕಿರಿಯಳು: ಆ ಪೆಟ್ಟನ್ನು ಸಹಿಸಿಕೊಂಡೆ. ಆದರೂ ಈಗ ಕಡಿಯದೆ ಬಿಡುವುದೂ ಒಂದು ನಿರ್ಣಯವೇ, ಅದರ ಫಲವನ್ನೂ ಹಕ್ಕಿಗಳೇ ಉಣ್ಣಬೇಕು. ಹುಲ್ಲಿನ ನಡುವೆ ನುಗ್ಗಿರುವ ಮರಗಳನ್ನು ತೆಗೆಯುವುದು, ಶೋಲಾದ ಅಂಚಿನಲ್ಲಿರುವುದನ್ನು ಸಸಿಗಳು ಬಲಿಯುವವರೆಗೆ ಇರಗೊಡುವುದು, ಇಷ್ಟಕ್ಕೆ ತಾವು ಒಪ್ಪುವಿರಾ?

ಹಿರಿಯರು: ಏಪ್ರಿಲಿನಿಂದ ಜೂನಿನವರೆಗೆ ಕೊಡಲಿ ಒಳಗೆ ಬರಬಾರದೆಂದು ಬರೆದರೆ ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಒಂದು ಪ್ರಶ್ನೆಯಿದೆ: ಅಂಚು ಎಲ್ಲಿ ಮುಗಿಯುತ್ತದೆ, ಹುಲ್ಲು ಎಲ್ಲಿ ಮೊದಲಾಗುತ್ತದೆ? ಗೆರೆಯನ್ನು ನಿಮ್ಮ ಕಚೇರಿಯಲ್ಲಿ ಎಳೆದರೆ ನಾನು ಒಪ್ಪುವುದಿಲ್ಲ.

ಕಿರಿಯಳು: ತಮ್ಮ ಜಗುಲಿಯಿಂದ ಎಳೆದರೆ ನಾನೂ ಒಪ್ಪುವುದಿಲ್ಲ. ಇಲ್ಲಿಂದ ಕಂಡ ಅಂಚು ಆಚೆಯ ಇಳಿಜಾರಿನಲ್ಲಿ ಬೇರೆಯಾಗಿರುತ್ತದೆ.

ಹಿರಿಯರು: ಹಾಗಾದರೆ ಈ ಗೂಡಿನ ಕಾಲ ಮುಗಿಯುವವರೆಗೆ ಯಾವ ಯಾವ ಪೊದೆಯಲ್ಲಿ ಹಾಡು ಕೇಳಿತು, ಯಾವುದರಲ್ಲಿ ಪಾಚಿ ಹೊತ್ತ ಹಕ್ಕಿ ಕಂಡಿತು ಎಂಬುದನ್ನು ನಾನು ಬರೆದಿಡುತ್ತೇನೆ. ನಿನ್ನ ನಕ್ಷೆಯ ಪಕ್ಕದಲ್ಲಿ ಅದನ್ನಿಟ್ಟು ನೋಡು. ಎರಡೂ ಕೂಡಿದರೆ ಸರಿ. ಕೂಡದಿದ್ದರೆ ತಪ್ಪು ನಿನ್ನ ನಕ್ಷೆಯದೆಂದೇ ನಾನು ವಾದಿಸುತ್ತೇನೆ.

ಕಿರಿಯಳು: ತಾವು ನೋಡದೆ ಬಿಟ್ಟ ಪೊದೆ ಇನ್ನೂ ಉಂಟೆಂದು ನಾನು ವಾದಿಸುತ್ತೇನೆ, ಮೇಷ್ಟ್ರೇ. ಆ ಪೊದೆಯನ್ನು ನೋಡಿ ಬರದೆ ಗೆರೆಯೆಳೆಯುವುದಿಲ್ಲವೆಂಬ ಮಾತನ್ನು ಮಾತ್ರ ಈಗಲೇ ಕೊಡುತ್ತೇನೆ.